ಗುಲಾಬಿ ಮೇಡಂ ಅವರ ಆದೇಶದ ಮೇರೆಗೆ

ನಂಬ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು, ಇವತ್ತು ಮಧ್ಯಾಹ್ನ ನಾನು ಲಿಫ್ಟಿಂದ ಹೊರಗೆ ಬಂದೆ. ಅದೇನ್ ಮಹಾ ಅಂತೀರಾ? ತಾಳಿ, ಪೂರ್ತಿ ಕೇಳಿ. ಸುಮ್ನೆ ಬರ್ಲಿಲ್ಲ, ಅಧಿಕೃತ ಆದೇಶದ ಮೇರೆಗೆ ಬಂದೆ. ನಮ್ಮ ಕಚೇರಿಯಲ್ಲಿ ಆದೇಶವೊಂದು ಹೊರಟ ಗಳಿಗೆಯಲ್ಲೇ ಜಾರಿಯಾಗಿದ್ದು ಇದೇ ಮೊದಲು. ಆ ಆದೇಶ ಕೊಟ್ಟಿದ್ದು ಯಾರು ಅಂತ ಈಗಲೇ ಹೇಳಿಬಿಟ್ರೆ ಕೂತಲ್ಲಿಂದ ಬೀಳ್ತೀರ, ಅದಕ್ಕೇ ಮೊದಲಿಂದ ಹೇಳ್ತೀನಿ.

ನಾನಿರೋದು ಬೀದಿದೀಪ ನಿರ್ವಹಣಾ ಕಚೇರಿಯಲ್ಲಿ. ಹುದ್ದೆ, ಸಂದೇಶ ಸಮನ್ವಯ ಸಹಾಯಕ. ತಾತ್ಕಾಲಿಕ. ಕೆಲಸ ಏನಂದ್ರೆ ಒಂದು ಆಪ್‌ನಲ್ಲಿ ಬಂದ ಮೆಸೇಜನ್ನ ಕಾಪಿ ಮಾಡಿ ಇನ್ನೊಂದು ಆಪ್‌ಗೆ ಹಾಕೋದು. ಇದಕ್ಕೊಬ್ಬ ಮನುಷ್ಯ ಬೇಕಾ ಅಂತ ಕೇಳ್ಬೇಡಿ. ಬೇಕು. ಯಾಕಂದ್ರೆ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಆಪು, ಅವೆಲ್ಲಾ ಒಟ್ಟಿಗೆ ಇರೋ ಫೋನು ಇಡೀ ಕಚೇರಿಗೆ ಒಂದೇ, ಅದು ನನ್ನದು. ದೊಡ್ಡ ಸಾಹೇಬ್ರದು ಓದಿದ ತಕ್ಷಣ ಮೆಸೇಜು ಮಾಯವಾಗೋ ಆಪು. ಆಡಳಿತ ಸ್ವಚ್ಛವಾಗಿರ್ಬೇಕು, ಏನೂ ಉಳೀಬಾರ್ದು ಅನ್ನೋದು ಅವರ ನಿಲುವು. ಲೆಕ್ಕದ ಮೇಡಂದು ಹಸಿರು ಆಪು. ಉಗ್ರಾಣದ ಅಣ್ಣಂದು ನೀಲಿ ಆಪು, ಅದರಲ್ಲಿ ಅವರು ಬರೆಯಲ್ಲ, ಬರೀ ಮಾತಾಡಿ ಕಳಿಸ್ತಾರೆ. ಕೆಮ್ಮಿಂದ ಶುರುವಾಗಿ ಕೆಮ್ಮಲ್ಲೇ ಮುಗಿಯುತ್ತೆ, ನಡುವೆ ಎಲ್ಲಾದ್ರೂ ವಿಷಯ ಇದ್ರೆ ನಾನು ಹುಡುಕಿ ಬರೀಬೇಕು. ದುರಸ್ತಿ ವಿಭಾಗದ್ದು ಕೆಂಪು ಆಪು.

ಲೆಕ್ಕದ ಮೇಡಂ, ಉಗ್ರಾಣದ ಅಣ್ಣ ಇಬ್ರೂ ಒಂದೇ ಮೇಜಿನ ಆಚೆ ಈಚೆ ಕೂರೋದು. ನಡುವೆ ಒಂದು ಟೇಬಲ್ ಫ್ಯಾನು. ಆ ಫ್ಯಾನಿನ ವಿಷಯಕ್ಕೇ ಅವರಿಬ್ಬರಿಗೆ ಮಾತು ಬಿಟ್ಟಿದೆ, ಹಾಗಾಗಿ ಅವರು ಇವರ ಗುಂಪು ಬಿಟ್ರು, ಇವರು ಅವರ ಆಪನ್ನೇ ಬಿಟ್ರು. ಈಗ ಮೇಡಂಗೆ ಒಂದು ಪೆನ್ಸಿಲ್ ಬೇಕಾದ್ರೆ ಹಸಿರಲ್ಲಿ ನಂಗೆ ಹಾಕ್ತಾರೆ, ನಾನು ಕೆಳಗಿನ ಮಹಡಿಯಿಂದ ನೀಲಿಗೆ ದಾಟಿಸ್ತೀನಿ, ಅಣ್ಣ ಕೆಮ್ಮಿ "ಇಲ್ಲ" ಅಂತಾರೆ, ನಾನು "ಇಲ್ಲವಂತೆ" ಅಂತ ಹಸಿರಿಗೆ ಹಾಕ್ತೀನಿ. ಪೆನ್ಸಿಲ್ ಅಣ್ಣನ ಕಿವಿ ಮೇಲೇ ಇರುತ್ತೆ, ಮೇಡಂ ಅದನ್ನ ನೋಡ್ತಾನೇ ಇರ್ತಾರೆ. ಆದ್ರೆ ನೋಡಿದ್ದು ಲೆಕ್ಕಕ್ಕಿಲ್ಲ. ಅದಕ್ಕೊಂದು ಸುತ್ತೋಲೆ ಇದೆ, ಎಲ್ಲಾ ಗೋಡೆ ಮೇಲೂ ಅಂಟಿಸಿದೀವಿ, ಲಿಫ್ಟ್ ಒಳಗೂ:

"ಸರಿಯಾದ ಆಪ್‌ನಲ್ಲಿ, ಸರಿಯಾದ ಗುಂಪಿನಲ್ಲಿ, ಬರಹ ರೂಪದಲ್ಲಿ ಬಂದ ಆದೇಶವನ್ನು ಮಾತ್ರ ಆದೇಶವೆಂದು ಪರಿಗಣಿಸತಕ್ಕದ್ದು. ಕಣ್ಣಿನಿಂದ ಕಂಡು, ಕಿವಿಯಿಂದ ಕೇಳಿ ಅಥವಾ ಸ್ವಂತ ಬುದ್ಧಿಯಿಂದ ತಿಳಿದ ವಿಷಯವನ್ನು ತಿಳಿದಿಲ್ಲವೆಂದು ಭಾವಿಸತಕ್ಕದ್ದು. ಸಮನ್ವಯ ಸಹಾಯಕರ ಸ್ವಂತ ಮಾತಿಗೆ ಯಾವುದೇ ಬೆಲೆ ಇರುವುದಿಲ್ಲ."

ಕೊನೇ ಸಾಲು ನನ್ನ ಬಗ್ಗೆ. ನಂಗೇನೂ ಬೇಜಾರಿಲ್ಲ, ಸುತ್ತೋಲೆಯಲ್ಲಿ ಹೆಸರು ಬರೋದೂ ಒಂದು ಭಾಗ್ಯ.

ಹೀಗಾಗಿ ಊರಲ್ಲಿ ದೀಪ ಹಚ್ಚೋ ಆದೇಶ ಸಂಜೆ ಒಂದು ಆಪ್‌ನಲ್ಲಿ ಹೊರಟು, ನಾಕು ಕಡೆ ಒಪ್ಪಿಗೆ ಪಡೆದು, ಬೆಳಿಗ್ಗೆ ಬಿಸಿಲು ಬರೋ ಹೊತ್ತಿಗೆ ಸರಿಯಾಗಿ ತಲುಪುತ್ತೆ. ದೀಪ ಹತ್ತುತ್ತೆ. ಆರಿಸೋ ಆದೇಶ ಕತ್ತಲಾಗೋ ಹೊತ್ತಿಗೆ ತಲುಪುತ್ತೆ. ಆರುತ್ತೆ. ಒಟ್ಟಿನಲ್ಲಿ ದಿನಕ್ಕೊಮ್ಮೆ ಹತ್ತಿ ದಿನಕ್ಕೊಮ್ಮೆ ಆರ್ತಾ ಇದೆ ಅಂತ ನಮಗೆ ಮೇಲಿನವರಿಂದ ಪ್ರಶಂಸೆ ಬಂದಿದೆ.

ಇನ್ನು ನಮ್ಮಮ್ಮ. ನಮ್ಮಮ್ಮಂದು ಹಳೇ ಫೋನು, ಊರವರ ಮೊಮ್ಮಕ್ಕಳ ಫೋಟೋಗಳೆಲ್ಲಾ ಅದರಲ್ಲೇ ಇವೆ, ಹೊಸ ಆಪ್ ಹಾಕೋಕೆ ಸಾಸಿವೆಯಷ್ಟೂ ಜಾಗ ಇಲ್ಲ. ಹೇಗೋ ತುರುಕಿ ತುರುಕಿ ಕೂತಿದ್ದು ಕೆಂಪು ಆಪ್ ಒಂದೇ. ದುರಸ್ತಿ ಗುಂಪು ಮಾಡೋವಾಗ "ಎಲ್ಲರನ್ನೂ ಸೇರಿಸಲೇ?" ಅಂತ ಆಪ್ ಕೇಳ್ತು, ನಾನು ಆತುರದಲ್ಲಿ ಹೂಂ ಅಂದೆ, ಅಮ್ಮನೂ ಸೇರ್ಕೊಂಡ್ಳು. ಆಮೇಲೆ ತೆಗೆಯೋಣ ಅಂದ್ಕೊಂಡೆ, ಅಷ್ಟರಲ್ಲಿ ಅವಳು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ "ಶುಭೋದಯ, ಎಲ್ಲರೂ ಚೆನ್ನಾಗಿ ಕೆಲಸ ಮಾಡಿ" ಅಂತ ಹಾಕೋಕೆ ಶುರು ಮಾಡಿದ್ಲು. ದುರಸ್ತಿಯವರು ಇದು ಯಾರೋ ಮೇಲಿನ ಕಚೇರಿಯವರು ಅಂತ ತಿಳ್ಕೊಂಡು ಸಾಲಾಗಿ ಕೈ ಮುಗಿದ್ರು. ಗುಲಾಬಿ ಮೇಡಂ ಅಂತ ಹೆಸರೂ ಬಿತ್ತು. ಕೈ ಮುಗಿಸ್ಕೊಂಡವರನ್ನ ಗುಂಪಿಂದ ತೆಗೆಯೋದು ಹೇಗೆ ಹೇಳಿ? ಬಿಟ್ಟೆ.

ಈಗ ಇವತ್ತಿನ ವಿಷಯಕ್ಕೆ ಬರ್ತೀನಿ. ಇವತ್ತು ಸಂಜೆ ಆಫೀಸು ಮುಚ್ಚೋ ಹೊತ್ತಿಗೆ ನನ್ನ ತಾತ್ಕಾಲಿಕ ಅವಧಿ ಮುಗಿಯುತ್ತೆ. ಇವತ್ತೇ ದೊಡ್ಡ ಸಾಹೇಬ್ರು ವರ್ಗವಾಗಿ ಹೋಗ್ತಿದಾರೆ. ಅವರು ಹೋಗೋಕ್ ಮುಂಚೆ ಎದುರಿಗೆ ನಿಂತು "ಸರ್, ಖಾಯಂ ಮಾಡಿ" ಅಂತ ಕೇಳ್ಬೇಕು. ಕೇಳಿದ್ರೆ ಕೆಲಸ, ಇಲ್ಲಾಂದ್ರೆ ನಾಳೆಯಿಂದ ಮನೇಲಿ ಅಮ್ಮನ ಗುಲಾಬಿ ನೋಡ್ಕೊಂಡು ಕೂರೋದು. ಊಟದ ಡಬ್ಬಿ ಕೈಯಲ್ಲಿ ಹಿಡ್ಕೊಂಡು, ಕೇಳ್ಕೊಂಡು ಬಂದು ಆಮೇಲೆ ತಿನ್ನೋಣ ಅಂತ ಲಿಫ್ಟ್ ಹತ್ತಿದೆ. ಒಳಗೆ ಸ್ಪ್ಯಾನರ್ ಮಾಮ ಇದ್ರು. ಅವರು ದುರಸ್ತಿ ವಿಭಾಗದ ಲಿಫ್ಟ್ ಮೆಕ್ಯಾನಿಕ್ಕು. ಲಿಫ್ಟ್ ಸುಸ್ಥಿತಿಯಲ್ಲಿದೆ ಅಂತ ಆಗಷ್ಟೇ ಬರೆದುಕೊಟ್ಟು ಬರ್ತಾ ಇದ್ರು. ಬಾಗಿಲು ಮುಚ್ಚಿತು, ಲಿಫ್ಟ್ ಸ್ವಲ್ಪ ಮೇಲೆ ಹೋಯ್ತು, ಎರಡು ಮಹಡಿ ನಡುವೆ ಒಂದ್ಸಲ ನಿಟ್ಟುಸಿರು ಬಿಟ್ಟು ನಿಂತ್ಕೊಳ್ತು.

"ಮಾಮ, ನಿಂತೋಯ್ತು."

"ಹೂಂ."

"ನಿಮ್ಮ ಹತ್ರ ಸಾಮಾನು ಇದೆಯಲ್ಲ, ಬಾಗಿಲು ತೆಗೀಬಹುದಾ?"

"ಎರಡು ನಿಮಿಷದ ಕೆಲಸ."

"ತೆಗೀರಿ ಮತ್ತೆ!"

"ಆದೇಶ ಎಲ್ಲಿ?"

"ಅಯ್ಯೋ ಮಾಮ, ಒಳಗೆ ಸಿಕ್ಕಾಕ್ಕೊಂಡಿರೋದು ನಾವೇ!"

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ಇಲಾಖೆಗೆ ಗೊತ್ತಾ?" ಅಂತ ಗೋಡೆ ಮೇಲಿನ ಸುತ್ತೋಲೆ ತೋರಿಸಿದ್ರು. "ಹೋದ್ಸಲ ಆದೇಶ ಇಲ್ದೆ ರಿಪೇರಿ ಮಾಡಿದ್ದಕ್ಕೆ ನಂಗೆ ನೋಟಿಸು ಬಂತು. ಕೆಟ್ಟಿದ್ದಕ್ಕೆ ಯಾರಿಗೂ ಬರ್ಲಿಲ್ಲ, ಸರಿ ಮಾಡಿದ್ದಕ್ಕೆ ಬಂತು. ಒಂದ್ಸಲ ಬಿಸಿ ಹಾಲು ಕುಡಿದ ಬೆಕ್ಕು ನಾನು."

ನೋಡಿ, ನ್ಯಾಯದ ಮಾತು. ಪುಣ್ಯಕ್ಕೆ ನಮ್ಮ ಕಟ್ಟಡದಲ್ಲಿ ಸಿಗ್ನಲ್ ಚೆನ್ನಾಗಿ ಬರೋದು ಲಿಫ್ಟಲ್ಲಿ ಮಾತ್ರ. ಸರಿ, ಕೆಲಸ ಶುರು ಮಾಡಿದೆ. ಬಾಗಿಲು ತೆಗೆಯೋಕೆ ಮೊದಲು ಉಗ್ರಾಣದವರು "ಲಿಫ್ಟ್ ನಮ್ಮದೇ" ಅಂತ ಹೇಳ್ಬೇಕು, ಲೆಕ್ಕದವರು "ಖರ್ಚಿಲ್ಲ" ಅಂತ ಹೇಳ್ಬೇಕು, ಸಾಹೇಬ್ರು "ಒಪ್ಪಿದೆ" ಅನ್ನಬೇಕು, ಅದನ್ನ ನಾನು ಕೆಂಪಿಗೆ ದಾಟಿಸ್ಬೇಕು. ನೀಲಿಗೆ ಹಾಕಿದೆ, ಹಸಿರಿಗೆ ಹಾಕಿದೆ. ಅಷ್ಟರಲ್ಲಿ ಬಾಗಿಲ ಆಚೆಯಿಂದಲೇ ಲೆಕ್ಕದ ಮೇಡಂ ಧ್ವನಿ.

"ಒಳಗಿದೀಯೇನೋ?"

"ಇದೀನಿ ಮೇಡಂ! ಸಿಕ್ಕಾಕ್ಕೊಂಡಿದೀನಿ!"

"ಅಯ್ಯೋ ಪಾಪ. ಮೆಸೇಜ್ ಹಾಕು, ಇಲ್ಲಾಂದ್ರೆ ನಂಗೆ ಹೇಗೋ ಗೊತ್ತಾಗ್ಬೇಕು?"

"ಹಾಕಿದೀನಿ ಮೇಡಂ!"

"ಫೋನು ಮೇಜಿನ ಮೇಲಿದೆ ಕಣೋ, ಹೋಗಿ ನೋಡ್ತೀನಿ."

ಆಗ ನನ್ನ ಫೋನಲ್ಲಿ ಕೆಮ್ಮು. ಉಗ್ರಾಣದ ಅಣ್ಣ. ಅವರೂ ಬಾಗಿಲ ಆಚೆನೇ ನಿಂತಿದ್ರು. "ಖೊಖ್. ಆ ಮೇಡಂಗೆ ಸ್ವಲ್ಪ ಪಕ್ಕಕ್ಕೆ ನಿಲ್ಲೋಕೆ ಹೇಳು, ಲಿಫ್ಟ್ ನಮ್ಮದೇನಾ ಅಂತ ನಾನು ನೋಡ್ಬೇಕು. ಖೊಖ್." ನಾನು ಲಿಫ್ಟ್ ಒಳಗಿಂದ ಅದನ್ನ ಹಸಿರಿಗೆ ಹಾಕಿದೆ. ಮೇಡಂ ಮೇಜಿನ ಹತ್ರ ಹೋಗಿ ಅದನ್ನ ಓದಿ, ವಾಪಸ್ ಬಂದು, ಪಕ್ಕಕ್ಕೆ ನಿಂತ್ರು.

ಈ ಕಡೆ ಕಟಕ್ ಅಂತ ಶಬ್ದ. ತಿರುಗಿ ನೋಡಿದ್ರೆ ಸ್ಪ್ಯಾನರ್ ಮಾಮ ನನ್ನ ಡಬ್ಬಿ ತೆಗೆದು ಊಟಕ್ಕೆ ಕೂತಿದಾರೆ!

"ಮಾಮ! ಡಬ್ಬಿ ತೆಗೆಯೋಕೆ ಆದೇಶ ಬೇಡ್ವಾ?"

"ಡಬ್ಬಿ ಇಲಾಖೆದಲ್ಲ," ಅಂದ್ರು. "ಉಪ್ಪು ಹದವಾಗಿದೆ."

ಅವರು ಕೈ ನೆಕ್ಕೋ ಹೊತ್ತಿಗೆ ನೀಲಿ, ಹಸಿರು ಎರಡರಲ್ಲೂ ಒಪ್ಪಿಗೆ ಬಂತು. ಸಾಹೇಬ್ರಿಗೆ ಹಾಕಿದೆ. ಬಂತು ನೋಡಿ, "ಒಪ್ಪಿದೆ" ಅಂತ! ಕಾಪಿ ಮಾಡೋಣ ಅಂತ ಬೆರಳಿಟ್ಟೆ, ಅಷ್ಟರಲ್ಲಿ ಮೆಸೇಜು ಮಾಯ.

"ಮಾಮ, ಒಪ್ಪಿದೆ ಅಂತ ಇತ್ತು, ನೀವೂ ನೋಡಿದ್ರಲ್ಲ?"

"ನೋಡಿದೆ. ಆದ್ರೆ ನಿಯಮದ ಪ್ರಕಾರ ನೋಡಿಲ್ಲ."

ಇನ್ನೊಂದ್ಸಲ ಒಪ್ಪಿಗೆ ಕೊಡಿ ಸರ್ ಅಂತ ಹಾಕಿದೆ. "ಒಂದೇ ಬಾಗಿಲಿಗೆ ಎರಡು ಸಲ ಒಪ್ಪಿಗೆ ಕೊಟ್ರೆ ಲೆಕ್ಕ ಪರಿಶೋಧನೆಯಲ್ಲಿ ಎರಡು ಬಾಗಿಲು ತೋರಿಸ್ಬೇಕಾಗುತ್ತೆ. ನಾನು ಹೊರಡ್ತಾ ಇದೀನಿ, ಶುಭವಾಗಲಿ" ಅಂತ ಬಂತು, ಮಾಯವೂ ಆಯ್ತು. ಸಾಹೇಬ್ರು ಹೋದ್ರೆ ಖಾಯಂ ಹೋಯ್ತು!

ಆಗ ಟಿಣ್ ಅಂತ ಕೆಂಪು ಆಪು. ಅಮ್ಮ. ಅವಳಿಗೆ ಗುಂಪು ಯಾವುದು, ನಾನೊಬ್ಬನೇ ಯಾವುದು ಅಂತ ಭೇದ ಇಲ್ಲ, ಎಲ್ಲಾ ಗುಂಪಲ್ಲೇ. "ಊಟ ಆಯ್ತಾ?" ಅಂತ ಕೇಳಿದ್ಲು. ನಾನು ತಲೆ ಕೆಟ್ಟು ಅಲ್ಲೇ ಬರೆದೆ, "ಅಮ್ಮಾ, ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದೀನಿ, ಬಾಗಿಲು ತೆಗೀತಿಲ್ಲ."

ಉತ್ತರ ತಕ್ಷಣ ಬಂತು. "ಯಾರಪ್ಪಾ ಅದು ಬಾಗಿಲು ತೆಗೆಯದೇ ಇರೋರು? ಮೊದಲು ತೆಗೀರಿ. ಮಿಕ್ಕಿದ್ದು ಆಮೇಲೆ."

ಮಾಮನ ಜೇಬಲ್ಲೂ ಟಿಣ್ ಅಂತು. ಮಾಮ ಕನ್ನಡಕ ಹಾಕ್ಕೊಂಡ್ರು, ಓದಿದ್ರು, ಎದ್ದು ನಿಂತ್ರು, ಅಂಗಿ ಸರಿ ಮಾಡ್ಕೊಂಡ್ರು. "ಆದೇಶ ಬಂತು," ಅಂತ ಸ್ಪ್ಯಾನರ್ ತಿರುಗಿಸಿದ್ರು. ಬಾಗಿಲು ತೆರ್ಕೊಳ್ತು.

"ಮಾಮ, ಅದು ನಮ್ಮಮ್ಮ!"

"ಸರಿಯಾದ ಆಪು, ಸರಿಯಾದ ಗುಂಪು, ಬರಹದಲ್ಲಿದೆ. ಕಳಿಸಿದವರು ಯಾರು ಅಂತ ಸುತ್ತೋಲೆ ಕೇಳಲ್ಲ. ನೀನಾಗಿರ್ಬಾರ್ದು, ಅಷ್ಟೇ. ಹತ್ತು, ಬೇಗ."

ಅರ್ಧ ಬಾಗಿಲಿಂದ ತೂರಿ, ಮೆಟ್ಟಿಲು ಹಾರಿ, ಸಾಹೇಬ್ರ ಕೋಣೆಗೆ ನುಗ್ಗಿದೆ. ಅವರು ಗೋಡೆ ಗಡಿಯಾರ ತೆಗೆದು ಸೂಟ್‌ಕೇಸಿಗೆ ಹಾಕ್ತಾ ಇದ್ರು. ಕಚೇರಿಯ ಗಡಿಯಾರ ಅದು, ಆದ್ರೆ ಅದನ್ನ ತಗೊಂಡು ಹೋಗ್ಬೇಡಿ ಅಂತ ಯಾರೂ ಬರಹದಲ್ಲಿ ಹೇಳಿರಲಿಲ್ಲ.

"ಬಾಗಿಲು ತೆಗೆಸಿದ್ದು ಯಾರಯ್ಯಾ?" ಅಂದ್ರು. ನಾನು ಸುಳ್ಳು ಹೇಳಲ್ಲ, ನಡೆದಿದ್ದನ್ನೆಲ್ಲಾ ಹೇಳಿದೆ. ಸಾಹೇಬ್ರು ಗಡಿಯಾರ ಎದೆಗೊತ್ತಿಕೊಂಡು ಯೋಚನೆ ಮಾಡಿದ್ರು.

"ಒಂದು ಸಾಲು, ತಕ್ಷಣ ಜಾರಿ. ಇಷ್ಟು ವರ್ಷ ನಾನು ಮಾಡೋಕಾಗದೇ ಇದ್ದಿದ್ದು."

"ಆದ್ರೆ ಸರ್, ಅವಳು ನಮ್ಮ ಇಲಾಖೆಯವಳಲ್ಲ."

"ಇನ್ನೂ ಒಳ್ಳೇದು. ಪಕ್ಷಪಾತ ಇರಲ್ಲ."

ಅಲ್ಲೇ ನಿಂತು ಪ್ರಕಟಣೆ ಹೇಳಿದ್ರು, ನಾನು ಎಲ್ಲಾ ಆಪ್‌ಗೂ ದಾಟಿಸಿದೆ: "ಹೊಸ ಅಧಿಕಾರಿ ಬರುವವರೆಗೆ ಕಚೇರಿಯ ಸಮಸ್ತ ಅನುಮೋದನೆಗಳನ್ನು ಕೆಂಪು ಆಪ್‌ನಲ್ಲಿ ಗುಲಾಬಿ ಮೇಡಂ ಅವರು ನೀಡತಕ್ಕದ್ದು."

"ಸರ್, ನನ್ನ ಖಾಯಂ?"

"ಅದೂ ಅನುಮೋದನೆನೇ ಅಲ್ವೇನಯ್ಯಾ? ಅವರ ಹತ್ರ ಹೋಗುತ್ತೆ. ಅವರು ಇತ್ಯರ್ಥ ಮಾಡೋವರೆಗೆ ನೀನು ಮುಂದುವರೀತೀಯ," ಅಂದು ಗಡಿಯಾರದ ಸಮೇತ ಹೊರಟೇ ಬಿಟ್ರು.

ನಂಗಂತೂ ಕುಣಿಯೋ ಹಾಗಾಯ್ತು. ಅಮ್ಮನ ಕೈಲಿ ಫೈಲು ಅಂದ್ರೆ ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅಂದ್ಕೊಂಡೆ! ಸಂಜೆಯೊಳಗೆ ಅಮ್ಮ ಏನೇನು ಮಾಡಿದ್ರು ಕೇಳಿ. ಮಾಡಿದ್ರು ಅಂತೀನಿ, ಈಗ ಗೌರವ ಕೊಡ್ಬೇಕಲ್ಲ. ಲೆಕ್ಕದ ಮೇಡಂ, ಉಗ್ರಾಣದ ಅಣ್ಣ ಇಬ್ರೂ ತಮಗೊಂದೊಂದು ಹೊಸ ಫ್ಯಾನು ಬೇಕು ಅಂತ ಹಾಕಿದ್ರು. "ಇರೋ ಫ್ಯಾನು ತಲೆ ಅಲ್ಲಾಡಿಸಲ್ವಾ? ಗುಂಡಿ ಒತ್ತಿ" ಅಂತ ಬಂತು. ಒತ್ತಿದ್ರು, ತಲೆ ಅಲ್ಲಾಡಿಸ್ತು, ಇಬ್ಬರಿಗೂ ಗಾಳಿ ಬಂತು. "ಹಗಲು ಹೊತ್ತು ಬೀದಿದೀಪ ಯಾಕೆ ಉರಿಸ್ತೀರಿ, ಕತ್ತಲಾದ ಮೇಲೆ ಹಚ್ಚಿ" ಅಂತ ಬಂತು. ಇವತ್ತು ಸಂಜೆ ದೀಪ ಹತ್ತಿದಾಗ ಬೀದಿ ಜನ ಏನೋ ಅನಾಹುತ ಆಗಿದೆ ಅಂತ ಮನೆಯಿಂದ ಹೊರಗೆ ಓಡಿ ಬಂದ್ರು. ಕಚೇರಿಗೆ ದೂರೂ ಬಂದಿದೆ.

ಮನೆಗೆ ಹಾರಿಕೊಂಡು ಬಂದೆ. ಅಮ್ಮ ಅಡುಗೆಮನೆಯಲ್ಲಿ ಕನ್ನಡಕ ಮೂಗಿನ ತುದಿಗೆ ಇಟ್ಕೊಂಡು ಫೋನು ನೋಡ್ತಾ ಇದ್ರು.

"ಅಮ್ಮಾ, ನನ್ನ ಖಾಯಂ ಒಂದು ಮಾಡಿಬಿಡು."

"ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ ಕಣೋ. ನಿಮ್ಮದೇ ಸುತ್ತೋಲೆ ಅಂತೆ, ಆ ಸ್ಪ್ಯಾನರ್ ಅವರು ಕಳಿಸಿದಾರೆ. ಗುಂಪಲ್ಲಿ ಹಾಕು."

ಅಮ್ಮನ ಎದುರಿಗೇ ನಿಂತು ಗುಂಪಲ್ಲಿ ಹಾಕಿದೆ. ಟಿಣ್ ಅಂತು. ನಿಧಾನಕ್ಕೆ ಓದಿದ್ರು. ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದ್ರು: "ಮಧ್ಯಾಹ್ನ ಊಟ ಆಯ್ತಾ ಎಂದು ಕೇಳಲಾಗಿತ್ತು. ಉತ್ತರ ಬಂದಿಲ್ಲ. ಹಳೆಯ ವಿಷಯ ಬಾಕಿ ಇರುವಾಗ ಹೊಸದನ್ನು ತೆಗೆದುಕೊಳ್ಳಲಾಗದು."

"ಅಮ್ಮಾ, ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಆದ್ರೆ ಕಣ್ಣಿಂದ ಕಂಡಿದ್ದು ಕಂಡ ಹಾಗಲ್ಲವಂತೆ."

ಈಗ ಮನೆ ಮೆಟ್ಟಿಲ ಮೇಲೆ ಕೂತು ನಿಮ್ಮ ಹತ್ರ ಹೇಳ್ತಾ ಇದೀನಿ. ತಲೆ ಮೇಲೆ ಬೀದಿದೀಪ ಬೇರೆ ಜೋರಾಗಿ ಉರೀತಿದೆ. "ಆಯ್ತು" ಅಂತ ಹಾಕಿದ್ರೆ ಅನುಮೋದನಾಧಿಕಾರಿಗೆ ಸುಳ್ಳು ಮಾಹಿತಿ ಕೊಟ್ಟ ಹಾಗೆ, ಕೆಲಸ ಹೋಗುತ್ತೆ. "ಇಲ್ಲ" ಅಂತ ಹಾಕಿದ್ರೆ "ಡಬ್ಬಿ ಖಾಲಿ ಇದೆ, ತಿಂದವರು ಯಾರು?" ಅಂತ ಮುಂದಿನ ಪ್ರಶ್ನೆ ಬರುತ್ತೆ, ಮಾಮ ಅದೇ ಗುಂಪಲ್ಲಿದಾರೆ, ಅವರಿಗೆ ಇನ್ನೊಂದು ನೋಟಿಸು. ಈಗಾಗಲೇ ನಂಗೊಬ್ಬನಿಗೇ ಮೆಸೇಜು ಹಾಕ್ತಾನೇ ಇದಾರೆ, "ಆಯ್ತು ಅನ್ನಪ್ಪಾ, ನಾಳೆಯೂ ಲಿಫ್ಟಲ್ಲೇ ಓಡಾಡ್ಬೇಕು ನೀನು" ಅಂತ. ಒಳಗಿಂದ ಅನ್ನದ ಪರಿಮಳ ಬರ್ತಿದೆ, ಆದ್ರೆ ಉತ್ತರ ಕೊಡದೆ ತಟ್ಟೆ ಹಾಕಲ್ಲ ಅಂತ ಅಮ್ಮಂದು ಪ್ರತ್ಯೇಕ ಆದೇಶ ಬೇರೆ ಬಂದಿದೆ. ನೀವೇ ಹೇಳಿ, ನೀವಾಗಿದ್ರೆ ಏನಂತ ಹಾಕ್ತಿದ್ರಿ?