ಊಟಕ್ಕಿಂತ ಮುಂಚಿನ ಸೈಟು

ಮಂದಿಗೆ ಮನಿ ಮಾಡಿಕೊಟ್ಟವನ ಬಾಳಿನಾಗ ಇಂಥವು ನಡೀತಲೇ ಇರ್ತಾವ. ಕೊಟ್ಟೂರಿನಾಗ ಸೈಟಿನ ದಲ್ಲಾಳಿ ಅಂದ್ರ ನಾನು. ಉಳಿದವರೆಲ್ಲ ನನ್ನ ನೆರಳಿನಾಗ ನಿಂತು ಬೀಡಿ ಸೇದಿದವರು. ಆದರೂ ಊರಿಗೆಲ್ಲ ಸೈಟು ಕೊಡಿಸಿದ ನಾನು ಇದ್ದದ್ದು ಬಾಡಿಗಿ ಮನ್ಯಾಗ. ನನ್ನ ಹೆಂಡತಿ ರೊಟ್ಟಿ ಬಡಿದ್ರ ಸಾಕು, ಗೋಡೆಯಾಚೆಯಿಂದ ಮನಿ ಮಾಲಕಿ ಕೂಗ್ತಿದ್ಲು: "ಯವ್ವಾ, ಮೆಲ್ಲಕ ಬಡಿಯವ್ವ, ನಮ್ಮ ಗೋಡಿ ಸುಣ್ಣ ಉದುರ್ತೈತಿ!"

"ಜೋರಾಗಿ ರೊಟ್ಟಿ ಬಡಿಯಾಕ ಒಂದು ಸ್ವಂತ ಅಡುಗಿಮನಿ ಬೇಕ್ರಿ" ಅನ್ನೋದು ಇವಳ ಒಂದೇ ಆಸೆ.

೧. ಹೆಜ್ಜಿ ಅಳತಿ

ಊರಾಚೆಯ ಶೇಂಗಾ ಹೊಲಗಳೆಲ್ಲ ಸೈಟು ಆಗೋ ಕಾಲ ಅದು. ಟೇಪು ಹಿಡಿಯೋದು ಸಾಲಿ ಕಲಿತವರ ಕೆಲಸ. ನಾನು ಹೆಜ್ಜಿ ಹಾಕಿದ್ನೆಂದ್ರ ಮುಗೀತು, ಸರಕಾರದ ಅಳತಿ ಸರಪಳಿ ಸಹ ನನ್ನ ಕಾಲಿಗೆ ಕೈ ಮುಗೀಬೇಕು.

ಒಂದು ಹೊಲ ಬೆಳಿಗ್ಗೆ ಅರ್ಧ ಅಳೆದೆ. ಹೊಲದ ಸಾಹುಕಾರ ಹೋಳಿಗಿ ಊಟ ಹಾಕಿಸಿದ. ಉಳಿದರ್ಧ ಊಟ ಆದಮ್ಯಾಲೆ ಅಳೆದೆ. ಹೊಟ್ಟಿ ಭಾರ ಆದ್ರ ಹೆಜ್ಜಿ ಗಿಡ್ಡ ಬೀಳ್ತಾವಂತ ನನಗೇನು ಗೊತ್ತು? ಹೆಜ್ಜಿ ಲೆಕ್ಕ ಅಷ್ಟ, ಸೈಟು ಮಾತ್ರ ಸಣ್ಣವಾದವು. ಸುದ್ದಿ ಹಬ್ಬಿತು. ಅವತ್ತಿನಿಂದ ಕೊಳ್ಳಾಕ ಬಂದವರು ಪೂರ್ವ, ಪಶ್ಚಿಮ ಕೇಳೋದ ಬಿಟ್ರು.

"ಯಜಮಾನ್ರ, ನಮಗ ಊಟಕ್ಕಿಂತ ಮುಂಚಿನ ಸೈಟು ಕೊಡ್ರಿ!"

೨. ಬಸ್ ಸ್ಟ್ಯಾಂಡು

"ಇಲ್ಲೇ ಹೊಸ ಬಸ್ ಸ್ಟ್ಯಾಂಡ್ ಬರ್ತೈತಿ" ಅಂತ ಹೇಳಿ ಊಟದ ನಂತರದವನ್ನೂ ಮಾರಿದೆ. ಯಾರು ಹೇಳಿದ್ರು ಅಂತ ಕೇಳಬ್ಯಾಡ್ರಿ. ನಾನ ಹೇಳಿದೆ.

ಒಂದು ಸೈಟು ಕೊಂಡಿದ್ದ ಮೆಕ್ಯಾನಿಕ್ ಸಾಬರು ಹರಪನಹಳ್ಳಿಗೆ ಹೋಗಾಕಂತ ಟ್ರಂಕು, ಹೆಂಡತಿ, ಅತ್ತಿ ಸಮೇತ ಬಂದು ಆ ಬಯಲಿನಾಗ ನಿಂತುಬಿಟ್ರು. ಬಾಜೂದ ರಸ್ತೆಯಾಗ ಹೊಂಟಿದ್ದ ಬಸ್ಸಿನ ಡ್ರೈವರ್ ಟ್ರಂಕು ನೋಡಿ ನಿಲ್ಲಿಸಿದ. ಕಂಡಕ್ಟರ್ ಕೇಳಿದ, "ಇಲ್ಲಿ ಸ್ಟಾಪು ಯಾವಾಗ ಆತ್ರಿ?"

"ಏನ್ರಿ, ನಿಮ್ಮ ಆಫೀಸಿನ್ಯಾಗ ಹೇಳಿಲ್ಲೇನು?" ಅಂತ ಸಾಬರು ಅವನನ್ನ ಗದರಿಸಿದ್ರು. ಅವತ್ತಿನಿಂದ ಬಸ್ಸು ಅಲ್ಲಿ ನಿಲ್ತೈತಿ. ನನ್ನ ಸುಳ್ಳು ನೆಲಕ್ಕ ಬೀಳೋದಿಲ್ಲ, ಬಸ್ ಹತ್ತಿ ಹೋಗ್ತೈತಿ!

೩. ನನ್ನ ಮೂಲಿ ಸೈಟು

ಅದೇ ಹೊಲದಾಗ ಮೂಲಿ ಸೈಟೊಂದು ನನ್ನ ದಲ್ಲಾಳಿ ಪಾಲಿಗೆ ಬಂತು. ಅದನ್ನ ಮಾತ್ರ ಚಾ ಸಹ ಕುಡೀಲಾರದ ಅಳೆದಿದ್ದೆ! ಪಾಯ ತೆಗೆಯೋ ದಿನ ಕರಕೊಂಡು ಹೋಗಿ ತೋರಿಸೋಣಂತ ಇವಳಿಗೆ ಹೇಳಲಿಲ್ಲ.

ಗಡಿಕಲ್ಲಿಗೆ ಕಾಲು ಬರೋ ಊರು ನಮ್ಮದು. ಇವತ್ತು ಇಲ್ಲಿದ್ದದ್ದು ನಾಳೆ ಅಲ್ಲಿರ್ತೈತಿ. ಯಾರೂ ಸರಿಸಬಾರದಂತ ನನ್ನ ಕಲ್ಲಿಗೆ ಸುಣ್ಣ ಬಳಿದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ನಿಂಬಿಹಣ್ಣು ಇಟ್ಟೆ. ಕೇಳಿದವರಿಗೆ, "ಮುಟ್ಟಬ್ಯಾಡ್ರಿ, ನೆಲದಿಂದ ತಾನ ಎದ್ದೈತಿ" ಅಂದೆ. ಆಮೇಲೆ ಹಂಪಸಾಗರಕ್ಕ ಮಗಳ ಮನಿಗೆ ಹೋದೆ.

ತಿರುಗಿ ಬರೋದ್ರಾಗ ಕಲ್ಲಿನ ಮ್ಯಾಲೆ ತಗಡಿನ ನೆರಳು, ಗಂಟಿ, ಹೆಣ್ಣುಮಕ್ಕಳ ಸಾಲು! ಸಾಲಿನಾಗ ಕಾಯಿ ಇಟ್ಟ ತಾಟು ಹಿಡಿದು ಇವಳು.

"ಲೇ, ಇದು ನಮ್ಮ ಸೈಟಿನ ಗಡಿಕಲ್ಲು!" ಅಂತ ಕಿವ್ಯಾಗ ಅಂದೆ.

"ಥೂ, ಬಾಯಿ ತೊಳಕೊಳ್ರಿ! ದೇವ್ರಿಗೆ ಹಂಗಂತಾರೇನು? ಸ್ವಂತ ಮನಿ ಆಗ್ಲಿ ಅಂತ ಹರಕಿ ಹೊತ್ತೀನಿ."

ನಾನು ಮತ್ತ ಬಾಯಿ ತೆಗೆಯೋದ್ರಾಗ ಓಣಿ ಹಿರಿಯರು ಬಂದು ನನಗ ಶಾಲು ಹೊದಿಸಿದ್ರು.

"ದೇವ್ರು ಎದ್ದದ್ದನ್ನ ಮೊದಲು ಕಂಡವರು ನೀವು. ಗುಡಿಗೆ ಈ ಜಾಗ ನೀವ ಅಳೆದು ಕೊಡಬೇಕ್ರಿ. ನಾಳೆ ಉಪವಾಸ ಬರ್ರಿ, ಯಜಮಾನ್ರ. ಮಡೀನೂ ಆತು, ಹೆಜ್ಜೀನೂ ಉದ್ದ ಬೀಳ್ತಾವ!"