ತಣ್ಣೀರಿಗೆ ಕರಗಿದ ಶರಣಕುಮಾರ

ಶರಣಕುಮಾರ ಪಲ್ಲವಿಯನ್ನು ಮೊದಲು ಕಂಡದ್ದು ಕಡಗಂಚಿಯ ವಿಶ್ವವಿದ್ಯಾಲಯದ ಬಸ್ ನಿಲ್ದಾಣದಲ್ಲಿ, ಜನವರಿಯ ಒಂದು ಮಂಗಳವಾರ, ಸಂಜೆ ನಾಲ್ಕೂವರೆಗೆ. ಅವಳ ಕೈಯಲ್ಲಿ ಗಣಿತದ ನೋಟ್‌ಬುಕ್ಕು, ಕೊರಳಿಗೆ ಹಸಿರು ಮಫ್ಲರು. ಅವನ ಮೈಮೇಲೆ ತಾನೇ ಒಗೆದ ನೀಲಿ ಅಂಗಿ.

“ರೀ ಸರ, ನಿಮ್ಮ ಅಂಗಿಗಿ ಜ್ವಾಳದ ಹಿಟ್ಟು ಹತ್ತ್ಯಾದ ನೋಡ್ರಿ,” ಎಂದಳು.

“ಹಿಟ್ಟಲ್ರಿ, ಸೋಪಿನ ಪುಡಿ. ಚಳಿಗಿ ಕರಗಿಲ್ಲ,” ಎಂದು ಶುರುಮಾಡಿದವನು, ಅದು ಏಕೆ ಕರಗಲಿಲ್ಲ ಎಂಬುದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಆಳಂದದ ಎರಡು ಬಸ್ಸು ಹೋಗಿದ್ದವು. ಇಷ್ಟು ತಾಳ್ಮೆಯಿಂದ ರಸಾಯನಶಾಸ್ತ್ರ ಕೇಳುವ ಹೆಣ್ಣು ಜಗತ್ತಿನಲ್ಲಿ ಇನ್ನೊಬ್ಬಳಿಲ್ಲ ಎಂದು ಅವನು ತೀರ್ಮಾನಿಸಿದ. (ಎರಡೂ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದ್ದಕ್ಕೆ ಅವಳು ನಿಂತಿದ್ದಳು ಎಂಬುದು ಮದುವೆಯಾದ ಮೇಲೆ ತಿಳಿಯಿತು.)

ಸಂಸಾರ ಅಫಜಲಪುರದಲ್ಲಿ. ಮನೆತನದ ಮೊದಲ ಪದವೀಧರನಾದ ಅವನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ, ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮನೆಗೆಲಸವನ್ನೂ ಅವಳು ಲೆಕ್ಕದಂತೆಯೇ ಭಾಗಿಸಿದ್ದಳು: ಬೆಳಿಗ್ಗೆ ಐದೂವರೆಗೆ ಎದ್ದು ತೊಗರಿಕಟ್ಟಿಗೆಯ ಒಲೆ ಹೊತ್ತಿಸಿ, ಬಟ್ಟೆಗೆ ನಾಲ್ಕು ಬಕೆಟ್ ನೀರು ಕಾಯಿಸುವುದು ಶರಣಕುಮಾರ, ಒಗೆಯುವುದು ತಾನು, ಒಣಹಾಕುವುದು ಅವನ ತಾಯಿ ಸಾಬವ್ವ. (ಸ್ನಾನದ ನೀರಿಗೆ ಪುಣ್ಯಕ್ಕೆ ಹೀಟರಿತ್ತು.)

ಡಿಸೆಂಬರಿನ ಒಂದು ಮುಂಜಾನೆ ಹೊಗೆಗೆ ಕಣ್ಣು, ಚಳಿಗೆ ಮೂಗು ಏಕಕಾಲಕ್ಕೆ ಸುರಿಯುತ್ತಿದ್ದಾಗ ಅವನಿಗೊಂದು ಮಹೋನ್ನತ ಯೋಜನೆ ಹೊಳೆಯಿತು. ಪುಡಿ ತಣ್ಣೀರಿನಲ್ಲೇ ಕರಗಿದರೆ ಒಲೆ ಬೇಡ; ಒಲೆ ಬೇಡವಾದರೆ ಏಳೂವರೆಯವರೆಗೆ ಕಂಬಳಿ!

ಕಲಬುರಗಿಯಿಂದ ಎರಡು ಡಬ್ಬಿ ತಂದ.

“ಏನೋ ಅದು?” ಎಂದಳು ಸಾಬವ್ವ.

“ಸರ್ಫ್ಯಾಕ್ಟಂಟ್.”

“ಸರ್ಪ ಯಾಕ ತಂದ್ಯೋ ಮನಿಗಿ!” ಎಂದು ಸಾಬವ್ವ ಕಟ್ಟೆ ಏರಿ ನಿಂತಳು.

“ಸರ್ಪ ಅಲ್ಲಬೇ ಅವ್ವಾ, ಹೊಲಸು ತೆಗಿಯೋ ಮಾಲು. ಇದರ ಕಣ ಎಲ್ಲಾ ಒಂದ ಜಾತೀವು ಇದ್ರ ಚಳಿಗಿ ಒತ್ತೊತ್ತಿ ಕುಂತು ಕಲ್ಲಾಗ್ತಾವ. ನಡುವ ಬ್ಯಾರೆ ಜಾತೀದು ಸೇರಿಸಿದ್ರ ಸಾಲು ಮುರೀತದ, ಎಲ್ಲಾ ಕೂಡಿ ನೀರಾಗ ಕರಗ್ತಾವ.”

“ಇಷ್ಟ್ ಚಲೋ ಮಾತು ಊರ ಮುಂದ ಹೇಳೋದು ಬಿಟ್ಟು ಬಕೆಟ್ ಮುಂದ ಹೇಳಾಕತ್ತಿಯಲ್ಲೋ!”

“ಈ ಎರಡನೇ ಡಬ್ಬೀದಕ್ಕ ಚಾರ್ಜ್ ಇಲ್ಲ, ಪ್ಲಸ್ಸೂ ಅಲ್ಲ ಮೈನಸ್ಸೂ ಅಲ್ಲ, ಆದ್ರೂ ಎಲ್ಲಾರನ್ನೂ ಕೂಡಿಸ್ತದ. ಈ ಮನ್ಯಾಗ ನಾ ಇದ್ದಂಗ.”

“ಚಾರ್ಜ್ ಇಲ್ಲ ಅನ್ನೋದು ಬರಾಬರ್ ಅದರಿ,” ಎಂದಳು ಪಲ್ಲವಿ.

ಹದಿನೈದು ದಿನ ಬೆರೆಸಿದ, ಚೆಲ್ಲಿದ, ಮತ್ತೆ ಬೆರೆಸಿದ. ಭಾನುವಾರ ಅಂಗಳದಲ್ಲಿ ಮಹಾಪ್ರದರ್ಶನ. ಎರಡು ಬಕೆಟ್ ತಣ್ಣೀರು. ಅಂಗಡಿಯ ಪುಡಿ ತಳದಲ್ಲಿ ಗಂಟುಗಂಟಾಗಿ ಕೂತಿತು. ಅವನದು ಎರಡು ಸುತ್ತು ತಿರುಗಿಸುವಷ್ಟರಲ್ಲಿ ಮಾಯ.

“ಎಲ್ಲಿ ಹೋತೋ?” ಸಾಬವ್ವ ಬಕೆಟ್ಟಿನಲ್ಲಿ ಮೊಳಕೈವರೆಗೆ ಕೈ ಇಳಿಸಿ ಹುಡುಕಿದಳು.

“ಕರಗೇದವ್ವಾ, ಕರಗೇದ!”

ಅದರಲ್ಲಿ ಒಗೆದ ಬನಿಯನ್ ಹೊಸದರಂತಾಯಿತು. ಪಲ್ಲವಿಗೆ ನಿಜಕ್ಕೂ ಸಂತೋಷವಾಯಿತು. “ಖರೇನ ಶಾಣ್ಯಾ ಇದ್ದೀರಿ. ನನಗ ಬರ್ತದೇನ್ರಿ ಇದು?”

‘ಬರ್ತದ’ ಎಂಬ ಮೂರಕ್ಷರ ಸಾಕಿತ್ತು. ಆದರೆ ಶರಣಕುಮಾರ ಗೆದ್ದ ಗಂಡಸು.

“ನಿನಗ? ಛೇ ಛೇ! ಚಳಿ ಎಷ್ಟದ ನೋಡಿ ಅಳತಿ ದಿನಾ ಬದಲಿ ಮಾಡಬೇಕು. ತಣ್ಣೀರಾಗ ಒಗಿಯೋದು ಯಾರ್ ಬೇಕಾದೋರ ಕೆಲಸಲ್ಲ. ಕೆಮಿಸ್ಟ್ರಿಯೊಳಗ ಎಂ.ಎಸ್ಸಿ. ಆಗಿರಬೇಕು!”

“ಒಲಿ?”

“ಇವತ್ತಿನಿಂದ ಬಂದ್!”

“ಅಂದ್ರ ನಿಮಗ ಕೆಲಸ ಉಳೀಲಿಲ್ಲ. ಒಗಿಯೋದು ನನಗ ಬರೂಹಂಗಿಲ್ಲ.” ಪಲ್ಲವಿ ಕೈಯಲ್ಲಿದ್ದ ಬ್ರಶ್ಶನ್ನು ಸೀಮೆಸುಣ್ಣದಂತೆ ಅವನ ಮುಂದೆ ಹಿಡಿದಳು. “ಉತ್ತರ ನೀವ ಬರೀರಿ.”

ಶರಣಕುಮಾರ ತಾಯಿಯ ಮುಖ ನೋಡಿದ.

“ನಂದೂ ಕೆಮಿಸ್ಟ್ರಿ ಆಗಿಲ್ಲಪ್ಪ,” ಎಂದು ಸಾಬವ್ವ ಒಳಗೆ ಹೋದಳು.

ಈಗ ಶರಣಕುಮಾರ ದಿನಾ ಐದೂವರೆಗೆ ಎದ್ದು, ಥರ್ಮಾಮೀಟರಿನಲ್ಲಿ ನೀರಿನ ಚಳಿ ಅಳೆದು, ಮೂವರ ಬಟ್ಟೆಯನ್ನು ತಣ್ಣೀರಿನಲ್ಲಿ ಒಗೆಯುತ್ತಾನೆ.