ಮೇಷ್ಟ್ರ ಕಾದಂಬರಿ, ನನ್ನ ಟೈಪ್‌ರೈಟರ್

ಅರ್ಜಿ ಟೈಪ್ ಮಾಡಿಸುವವರು ಬಂದರೆ ಅರ್ಧ ಗಂಟೆಯ ಕೆಲಸ. ಕಾದಂಬರಿ ಬರೆಯುವವರು ಬಂದರೆ ದಿನಕ್ಕೊಂದು ಸುದ್ದಿ. ಎಂಬತ್ತರ ದಶಕದ ಮೊದಲಲ್ಲಿ ಕೋಲಾರದ ಕೋರ್ಟಿನೆದುರು ನನ್ನದೊಂದು ಕನ್ನಡ ಟೈಪಿಂಗ್ ಅಂಗಡಿ ಇತ್ತು. ಮಾಲೂರಿನ ಮೇಷ್ಟ್ರೊಬ್ಬರು ತಮ್ಮ ಮೊದಲ ಕಾದಂಬರಿಯನ್ನು ಪತ್ರಿಕೆಯ ಸ್ಪರ್ಧೆಗೆ ಕಳಿಸಬೇಕೆಂದು ತಂದರು. ಅವರ ಉತ್ಸಾಹ ಎಷ್ಟೆಂದರೆ, ನಾನು ಒಂದು ಸಾಲು ಹೊಡೆಯುವಷ್ಟರಲ್ಲಿ ಮುಂದಿನ ಸಾಲು ಅವರ ಬಾಯಲ್ಲಿ ಬದಲಾಗಿರುತ್ತಿತ್ತು.

೧. ಯಾರೀ ಸರೋಜ?

ನೂರು ಪುಟ ಮುಗಿದ ಮಾರನೇ ದಿನ ಮೇಷ್ಟ್ರು ಮೊದಲ ಬಸ್ಸಿಗೇ ಬಂದರು. ನಾಯಕಿಯ ಹೆಸರು ಸರೋಜ. ಅದನ್ನೋದಿದ ಹೆಂಡತಿ, ಆ ಸರೋಜ ಯಾರೆಂದು ಹೇಳುವವರೆಗೆ ಊಟ ಬಡಿಸಲ್ಲ ಅಂದರಂತೆ. ಎಲ್ಲ ಪುಟದಲ್ಲೂ ಹೆಸರು ಬದಲಾಗಬೇಕು. ಹೆಂಡತಿಯ ಹೆಸರೇ ಇರಲಿ, ವಿಶಾಲಾಕ್ಷಮ್ಮ, ಅಂದರು. ಮೂರಕ್ಷರ ಅಳಿಸಿದ ಜಾಗದಲ್ಲಿ ಅದು ಹಿಡಿಸಲ್ಲ ಅಂದೆ. ಯೋಚಿಸಿ ಕಮಲ ಅಂದರು. ಎರಡು ದಿನ ರಬ್ಬರಿನಲ್ಲಿ ಉಜ್ಜಿ ಉಜ್ಜಿ ಸರೋಜಳನ್ನು ಕಮಲ ಮಾಡಿದೆ.

ನಾಲ್ಕನೇ ದಿನ ಬಂದವರು ಮೇಷ್ಟ್ರಲ್ಲ, ಅವರ ಹೆಂಡತಿ. ಕೂತು, ನೀರು ಕುಡಿದು, ಮೆಲ್ಲಗೆ ಕೇಳಿದರು:

"ಸರೋಜ ಹೋದಳು, ಸರಿ. ಈ ಕಮಲ ಎಲ್ಲಿಯೋಳಮ್ಮಾ?"

೨. ಸಾವು ಸಿಗಲಿಲ್ಲ

ಐದನೇ ಅಧ್ಯಾಯದಲ್ಲಿ ಸಾಯುವ ನಾಯಕಿ ಕೊನೆಯಲ್ಲಿ ಸಾಯಲಿ ಅಂತ ಮೇಷ್ಟ್ರಿಗೆ ಹೊಳೆಯಿತು. ಕತ್ತರಿಸಿ, ಮೈದಾ ಅಂಟು ಹಚ್ಚಿ ಜೋಡಿಸುವುದೊಂದೇ ದಾರಿ. ಕತ್ತರಿಸಿ ಕೊಟ್ಟೆ. ಮನೆ ಸೇರುವವರೆಗೆ ತಡೆಯಲಾಗದೆ ಅವರು ಬಸ್ಸಿನಲ್ಲೇ ಜೋಡಿಸಲು ಕೂತರು. ಕಿಟಕಿಯ ಗಾಳಿಗೆ ತುಂಡುಗಳೆಲ್ಲ ರಸ್ತೆಗೆ ಹಾರಿದವು. ಕಂಡಕ್ಟರ್ ವಿಷಲ್ ಊದಿ ಬಸ್ ನಿಲ್ಲಿಸಿದ. ಪ್ರಯಾಣಿಕರೆಲ್ಲ ಇಳಿದು ಆರಿಸಿ, ಓದಿ, ಆಮೇಲೆ ವಾಪಸು ಕೊಟ್ಟರು. ಸಾವಿನ ಪುಟ ಮಾತ್ರ ರೇಷ್ಮೆಗೂಡಿನ ಬುಟ್ಟಿ ಹೊತ್ತ ಹೆಂಗಸೊಬ್ಬಳ ಮಡಿಲಲ್ಲಿತ್ತು. ಎಷ್ಟು ಕೇಳಿದರೂ ಕೊಡಲಿಲ್ಲ.

"ಕೊಟ್ರೆ ನೀವು ಅವಳನ್ನ ಸಾಯಿಸ್ತೀರ ಸಾಮೀ," ಅಂದಳಂತೆ.

ಕಮಲ ಬದುಕಿದಳು.

೩. ಬಿಸಿಲಿಗೆ ಹಿಡಿದ ಹಾಳೆ

ಅಂಚೆಗೆ ಹಾಕುವ ಕೊನೆಯ ದಿನ. ಹಿಂದಿನ ದಿನ ಕೋಪದಲ್ಲಿ ತಾವೇ ಹರಿದು ಒಲೆಗೆ ಹಾಕಿದ್ದ ಪುಟ ಬೇಕೇ ಬೇಕು ಅಂದರು ಮೇಷ್ಟ್ರು. ಪ್ರತಿಯೂ ಒಲೆ ಸೇರಿತ್ತು. ನನಗೆ ಆ ಪುಟದಡಿ ಇಟ್ಟಿದ್ದ ಕಾರ್ಬನ್ ಹಾಳೆ ನೆನಪಾಯಿತು. ಒಂದೇ ಸಲ ಬಳಸಿದ್ದು. ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತಿತ್ತು. ಮೇಷ್ಟ್ರು ಅದನ್ನು ಕಿತ್ತುಕೊಂಡು ಬೀದಿಗೆ ಓಡಿ, ಬಿಸಿಲಿಗೆ ಎತ್ತಿ ಹಿಡಿದು ಓದತೊಡಗಿದರು. ನಾನು ಒಳಗೆ ಹೊಡೆಯತೊಡಗಿದೆ. ಪೂರಾ ಪುಟ ಸಿಕ್ಕಿತು, ಕಾದಂಬರಿ ಅಂದೇ ಹೋಯಿತು, ಮುಂದೆ ಅಚ್ಚೂ ಆಯಿತು.

ಆದರೆ ಓದುವ ಮಧ್ಯೆ, ಕೋರ್ಟಿಗೆ ಬಂದಿದ್ದ ಯಲ್ದೂರಿನ ರೈತರೊಬ್ಬರು ಆ ಕರೀ ಹಾಳೆ ನೋಡಿ ಮರುಕದಿಂದ ನಿಂತರು.

"ಎಕ್ಸ್‌ರೇಲಿ ಏನ್ ಕಾಣ್ತಿದೆ ಸಾರ್?"

ಮೇಷ್ಟ್ರು ಹಾಳೆಯಿಂದ ಕಣ್ಣು ತೆಗೆಯಲಿಲ್ಲ. "ಎದೆ ಒಡೆದುಹೋಗಿದೆ ಕಣಪ್ಪ. ಮೂವತ್ತೊಂಬತ್ತನೇ ಪುಟದಲ್ಲಿ."

ರೈತರು ಸದ್ದಿಲ್ಲದೆ ಅಂಗಡಿಯೊಳಗೆ ಬಂದು ನನ್ನ ಹತ್ತಿರ ಬಗ್ಗಿದರು.

"ಎದೇದು ಇರಲಿ ಬಿಡಮ್ಮಾ. ಮೊದಲು ತಲೇದೊಂದು ತೆಗೆಸಿ."